ಮೂಗಿನ ಹಿಂದೊಂದು ಗದ್ದೆ: ಚೆನ್ನಾಗಿರುವ ಮಕ್ಕಳೊಳಗೆ ಬದಲಾಗುತ್ತಿರುವ ಬ್ಯಾಕ್ಟೀರಿಯಾ

ಹೋದ ತಿಂಗಳು ಮಂಡ್ಯ ಹತ್ತಿರದ ನಮ್ಮಕ್ಕನ ಊರಿಗೆ ಹೋಗಿದ್ದೆ. ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಸೊಸೆ ಒಂಬತ್ತು ತಿಂಗಳ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಕೈಯಲ್ಲಿ ತಾಯಿ ಕಾರ್ಡ್ ಹಿಡಿದು ಚುಚ್ಚುಮದ್ದಿಗೆ ಹೊರಟಿದ್ದಳು. ನನ್ನನ್ನು ನೋಡಿ ನಿಂತಳು.

“ಅಕ್ಕಾ, ನೀವು ಮೈಸೂರಲ್ಲಿ ಈ ಕ್ರಿಮಿ ಪಾಠನೇ ಅಲ್ವಾ ಮಾಡ್ತಿದ್ದಿದ್ದು? ಆಶಾ ಅಕ್ಕ ಹೇಳ್ತು, ನಿಮೋನಿಯಾ ತರೋ ಕ್ರಿಮಿ ಚೆನ್ನಾಗಿರೋ ಮಕ್ಳ ಮೂಗಲ್ಲೂ ಇರ್ತದಂತೆ. ನಮ್ ದೊಡ್ಡೋನ್ ನೋಡಿ, ಹೆಂಗೆ ಕುಣೀತಾವ್ನೆ. ಅವನ ಮೂಗಲ್ಲಿ ಅದ್ಯಾಕ್ ಇರ್ತದೆ?”

ದೊಡ್ಡವನಿಗೆ ನಾಲ್ಕು ವರ್ಷ. ಆಲೆಮನೆಯಿಂದ ತಂದ ಬೆಲ್ಲದ ಚೂರು ಚೀಪುತ್ತಾ ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ ನೆಗೆಯುತ್ತಿದ್ದ. ಮೂಗಿನ ಕೆಳಗೆ ಸಿಂಬಳದ ಗೆರೆ. ಜ್ವರ ಇಲ್ಲ, ಕೆಮ್ಮು ಇಲ್ಲ.

“ಇರ್ತದೆ ಕಣಮ್ಮ. ಅದರ ಮನೆಯೇ ಅದು” ಅಂದೆ. “ಹಂಗಾದ್ರೆ ಕಾಯಿಲೆ ಯಾಕ್ ಬಂದಿಲ್ಲ?” ಅಂದಳು. ಸರಿಯಾದ ಪ್ರಶ್ನೆ. ಆವತ್ತು ಅವಳಿಗೆ ಹೊತ್ತಾಗುತ್ತಿತ್ತು, ಅರ್ಧಂಬರ್ಧ ಹೇಳಿ ಕಳಿಸಿದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೂಗಿನ ಹೊಳ್ಳೆಯಿಂದ ನೇರ ಹಿಂದಕ್ಕೆ ಹೋದರೆ, ಕಿರುನಾಲಿಗೆಯ ಮೇಲ್ಗಡೆ, ಮೂಗು ಮತ್ತು ಗಂಟಲು ಕೂಡುವ ಒಂದು ಜಾಗ ಇದೆ. ಕೋವಿಡ್ ಸಮಯದಲ್ಲಿ ಕಡ್ಡಿ ತೂರಿಸಿ ಕಣ್ಣಲ್ಲಿ ನೀರು ತರಿಸುತ್ತಿದ್ದರಲ್ಲ, ಅಲ್ಲೇ. ಬೆಚ್ಚಗೆ, ಒದ್ದೆಯಾಗಿ, ಲೋಳೆ ಬಳಿದ ಹಾಗಿರುತ್ತದೆ. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಾಗಳು ಇಲ್ಲಿ ಬಂದು ನೆಲೆಸಲು ಶುರು ಮಾಡುತ್ತವೆ. ನ್ಯುಮೋಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ, ಸ್ಟೆಫೈಲೊಕಾಕಸ್. ಒಂದೊಂದು ತಳಿ ಕೆಲವು ವಾರ ಇರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಅದು ಹೋದರೆ ಇನ್ನೊಂದು ಬರುತ್ತದೆ. ಎಷ್ಟೋ ಸಲ ಎರಡು ಮೂರು ಒಟ್ಟಿಗೇ ಇರುತ್ತವೆ. ದೊಡ್ಡವರ ಮೂಗಿನಲ್ಲೂ ಇವು ಸಿಗುತ್ತವೆ, ಆದರೆ ಮಕ್ಕಳಲ್ಲಿ ಬಹಳ ಜಾಸ್ತಿ. ಅಂಗನವಾಡಿಯಲ್ಲಿ ಒಂದೇ ಚಾಪೆ, ಒಂದೇ ಆಟಿಕೆ, ಒಂದೇ ಕೈ. ಇಂಥ ಕಡೆ ಒಂದು ಮೂಗಿನಿಂದ ಇನ್ನೊಂದು ಮೂಗಿಗೆ ದಾಟುವುದು ಎಷ್ಟು ಹೊತ್ತಿನ ಕೆಲಸ?

ಈ ಲೇಖನದಲ್ಲಿ ಜಾಸ್ತಿ ಮಾತು ನ್ಯುಮೋಕಾಕಸ್ ಬಗ್ಗೆ. ನ್ಯುಮೋನಿಯಾ, ಮಿದುಳು ಜ್ವರ, ಕಿವಿ ಸೋರುವುದು, ರಕ್ತಕ್ಕೆ ಸೋಂಕು ಇಳಿಯುವುದು, ಇಷ್ಟಕ್ಕೂ ಇದು ಕಾರಣ ಆಗಬಲ್ಲದು. ಆದರೆ ಒಂದು ವಿಷಯ ನೋಡಿ. 1881ರಲ್ಲಿ ಇದನ್ನು ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್. ಸ್ಟರ್ನ್‌ಬರ್ಗ್‌ಗೆ ಅದು ಸಿಕ್ಕಿದ್ದು ತನ್ನದೇ ಎಂಜಲಿನಲ್ಲಿ. ಆತನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದೇ ಎಂಜಲನ್ನು ಮೊಲಕ್ಕೆ ಚುಚ್ಚಿದಾಗ ಮೊಲ ಸತ್ತುಹೋಯಿತು. ಅಂದರೆ ಮೊದಲ ದಿನದಿಂದಲೂ ಈ ಕ್ರಿಮಿಯ ಎರಡು ಮುಖ ನಮ್ಮ ಕಣ್ಣ ಮುಂದೆಯೇ ಇತ್ತು.

ಕ್ರಿಮಿಯ ಕಡೆಯಿಂದ ಯೋಚಿಸಿದರೆ ಇದು ಸುಲಭವಾಗಿ ಅರ್ಥ ಆಗುತ್ತದೆ. ಅದಕ್ಕೆ ಬೇಕಾಗಿರುವುದು ಮುಂದಿನ ಮಗುವಿನ ಮೂಗು. ಸೀನಿನಲ್ಲಿ, ಸಿಂಬಳದಲ್ಲಿ, ಮುತ್ತಿನಲ್ಲಿ ಅದು ದಾಟುತ್ತದೆ. ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದುಬಿಟ್ಟರೆ ಅಲ್ಲಿಂದ ಮತ್ತೊಂದು ಮಗುವಿಗೆ ಹೋಗಲು ದಾರಿಯೇ ಇಲ್ಲ. ಮಗುವಿಗೆ ಕಾಯಿಲೆ ಬರುವುದು ಕ್ರಿಮಿಯ ಪಾಲಿಗೆ ದಾರಿ ತಪ್ಪಿದ ಹಾಗೆ. ಅದು ಬಾಳುವುದು, ಹೆಚ್ಚುವುದು, ಬದಲಾಗುವುದು ಎಲ್ಲ ಚೆನ್ನಾಗಿರುವ ಮಗುವಿನ ಮೂಗಿನಲ್ಲೇ. ಅದಕ್ಕೇ ಕಾಯಿಲೆ ಅರ್ಥ ಆಗಬೇಕು ಅಂದರೆ ಆಸ್ಪತ್ರೆಯ ಮಂಚ ನೋಡಿದರೆ ಸಾಲದು, ಜಗಲಿಯ ಮೇಲೆ ಬೆಲ್ಲ ಚೀಪುವ ಹುಡುಗನ ಮೂಗನ್ನೂ ನೋಡಬೇಕು. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದೇ.

ನ್ಯುಮೋಕಾಕಸ್ ಅನ್ನುವುದು ಒಂದು ಹೆಸರು. ಆದರೆ ಒಳಗೆ ಒಂದೇ ಇಲ್ಲ.

ಭತ್ತ ಅಂದರೆ ಒಂದೇನಾ? ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಅಂಥ ಗದ್ದೆಯ ಬದುವಿನ ಮೇಲೆ ನಿಂತರೆ ಒಂದು ಪಟ್ಟೆ ಎದೆಯೆತ್ತರ, ಪಕ್ಕದ್ದು ಮೊಣಕಾಲೆತ್ತರ. ಒಂದರ ತೆನೆ ಕಪ್ಪು, ಇನ್ನೊಂದರದು ಕೆಂಪು, ಮತ್ತೊಂದಕ್ಕೆ ಉದ್ದುದ್ದ ಮೀಸೆ. ಎಲ್ಲವೂ ಭತ್ತವೇ. ಆದರೆ ಯಾವುದು ನೀರು ನಿಂತರೂ ಬದುಕುತ್ತದೆ, ಯಾವುದು ಬರದಲ್ಲೂ ತಡೆಯುತ್ತದೆ ಅನ್ನುವುದು ತಳಿಯ ಮೇಲೆ ನಿಂತಿದೆ. ನ್ಯುಮೋಕಾಕಸ್ ಕೂಡ ಹಾಗೆಯೇ. ಕನ್ನಡದಲ್ಲಿ ಬ್ಯಾಕ್ಟೀರಿಯಾದ ಬಗೆಗೂ ‘ತಳಿ’ ಅಂತಲೇ ಹೇಳುತ್ತೇವೆ. ನನಗೆ ಬಹಳ ಇಷ್ಟವಾದ ಪದ ಅದು.

ತಳಿಗಳಲ್ಲಿ ಮೊದಲು ಎದ್ದು ಕಾಣುವ ವ್ಯತ್ಯಾಸ ಹೊರಗಿನ ಹೊದಿಕೆಯದು. ಹೆಚ್ಚುಕಮ್ಮಿ ಪ್ರತಿ ನ್ಯುಮೋಕಾಕಸ್ ಮೈತುಂಬ ಸಕ್ಕರೆಯ ಸರಪಳಿಗಳ ಒಂದು ಕವಚ ಹೊದ್ದಿರುತ್ತದೆ. ನಮ್ಮ ಬಿಳಿ ರಕ್ತಕಣ ಹಿಡಿಯಲು ಬಂದರೆ ಈ ಕವಚ ಜಾರಿಸಿಬಿಡುತ್ತದೆ. ಸಕ್ಕರೆಗಳನ್ನು ಪೋಣಿಸುವ ಕ್ರಮ ಬೇರೆ ಬೇರೆ. ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಬಗೆಯ ಕವಚ ಗುರುತಿಸಿದ್ದಾರೆ. ಅವಕ್ಕೆ 1, 5, 14, 6ಬಿ, 19ಎಫ್, 23ಎಫ್ ಅಂತ ಹೆಸರು. ಇವುಗಳ ಗುಣವೂ ಬೇರೆ. 19ಎಫ್, 6ಬಿ ಥರದವು ಮಕ್ಕಳ ಮೂಗಿನಲ್ಲಿ ಧಾರಾಳವಾಗಿ ಸಿಗುತ್ತವೆ. 1ನೇ ಬಗೆ ಮೂಗಿನಲ್ಲಿ ಅಪರೂಪ, ಆದರೆ ಕಾಯಿಲೆ ಬಿದ್ದವರ ರಕ್ತದಲ್ಲಿ ಅದರ ಲೆಕ್ಕಕ್ಕೆ ಮೀರಿ ಸಿಗುತ್ತದೆ. ಒಂದು ಮೂಗಿನಲ್ಲೇ ತಣ್ಣಗೆ ಇರುವ ಜಾತಿ, ಇನ್ನೊಂದು ಬೇಗ ಒಳಕ್ಕೆ ನುಗ್ಗುವ ಜಾತಿ. ಆ ಹುಡುಗನಿಗೆ ಕಾಯಿಲೆ ಯಾಕೆ ಬಂದಿಲ್ಲ ಅನ್ನುವುದಕ್ಕೆ ಒಂದು ಉತ್ತರ ಇಲ್ಲೇ ಇದೆ.

ಲ್ಯಾಬಿನಲ್ಲಿ ಇದನ್ನು ಹೇಗೆ ನೋಡುತ್ತೇವೆ ಅಂತ ಸ್ವಲ್ಪ ಹೇಳುತ್ತೇನೆ. ಮೂಗಿನಿಂದ ತೆಗೆದ ಕಡ್ಡಿಯ ತುದಿಯನ್ನು ಒಂದು ಪುಟ್ಟ ಟ್ಯೂಬಿನೊಳಗೆ ಕತ್ತರಿಸಿ ಹಾಕುತ್ತಾರೆ. ಟ್ಯೂಬಿನಲ್ಲಿರುವ ದ್ರವಕ್ಕೆ ಕೆನೆ ತೆಗೆದ ಹಾಲಿನ ಪುಡಿ, ಗ್ಲೂಕೋಸ್, ಗ್ಲಿಸರಿನ್, ಒಂದಿಷ್ಟು ಪ್ರೋಟೀನು ಬೆರೆಸಿರುತ್ತಾರೆ. ಹೌದು, ಹಾಲಿನ ಪುಡಿಯೇ. ಇದನ್ನು ಮೈನಸ್ 70 ಡಿಗ್ರಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಆದರೂ ಕ್ರಿಮಿ ಜೀವ ಹಿಡಿದುಕೊಂಡಿರುತ್ತದೆ. ಆಮೇಲೆ ಕುರಿರಕ್ತ ಬೆರೆಸಿದ ಕೆಂಪು ಅಗರ್ ತಟ್ಟೆಯ ಮೇಲೆ ಗೀಚಿ, ಗಾಜಿನ ಡಬ್ಬಿಯಲ್ಲಿ ಒಂದು ಮೇಣದಬತ್ತಿ ಹಚ್ಚಿಟ್ಟು ಮುಚ್ಚಳ ಬಿಗಿಯುತ್ತೇವೆ. ಬತ್ತಿ ತಾನಾಗಿ ಆರುವ ಹೊತ್ತಿಗೆ ಒಳಗೆ ಈ ಕ್ರಿಮಿಗೆ ಹಿತವಾಗುವಷ್ಟು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಮರುದಿನ ಬೆಳಿಗ್ಗೆ ತೆಗೆದು ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು. ಸುತ್ತ ಹಸಿರುಹಸಿರು ಬಳೆ. ನಡುವೆ ಬೆರಳಲ್ಲಿ ಒತ್ತಿದ ಹಾಗೆ ಗುಳಿ. ವಯಸ್ಸಾದ ಕ್ರಿಮಿಗಳು ತಮ್ಮನ್ನು ತಾವೇ ಒಡೆದುಕೊಂಡು ಕರಗುವುದರಿಂದ ಆ ಗುಳಿ ಬೀಳುತ್ತದೆ. ಈ ಒಡೆಯುವ ಗುಣ ನೆನಪಿಡಿ, ಮುಂದೆ ಬರುತ್ತದೆ.

ಕವಚದ ಬಗೆ ತಿಳಿಯಲು 1902ರಿಂದಲೂ ಇರುವ ಒಂದು ಪರೀಕ್ಷೆ ಇದೆ. ಆಯಾ ಕವಚವನ್ನು ಗುರುತು ಹಿಡಿಯುವ ಸೀರಂ (ರಕ್ತದ ತಿಳಿ) ಹಾಕಿದರೆ ಸೂಕ್ಷ್ಮದರ್ಶಕದಡಿ ಕವಚ ಉಬ್ಬಿದ ಹಾಗೆ ಕಾಣುತ್ತದೆ. ಆದರೆ ಕವಚ ನೋಡಿದರೆ ಅಂಗಿ ನೋಡಿದ ಹಾಗೆ ಅಷ್ಟೆ. ಅಂಗಿಯೊಳಗಿನ ಆಳು ಯಾರು ಅಂತ ತಿಳಿಯಲು ಡಿಎನ್‌ಎ ಓದಬೇಕು.

ನ್ಯುಮೋಕಾಕಸ್ಸಿನ ಡಿಎನ್‌ಎ ಸುಮಾರು 21 ಲಕ್ಷ ಅಕ್ಷರಗಳ ಪುಸ್ತಕ. ಅದರಲ್ಲಿ ಸುಮಾರು 2,000 ಜೀನ್, ಅಂದರೆ ಒಂದೊಂದು ಗುಣಕ್ಕೆ ಕಾರಣವಾಗುವ ಪಾಠಗಳು. ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. 2007ರಲ್ಲಿ ಸಂಶೋಧಕರು 17 ತಳಿಗಳ ಪುಸ್ತಕ ಪಕ್ಕಪಕ್ಕ ಇಟ್ಟು ಹೋಲಿಸಿದರು. ಎಲ್ಲ ಸೇರಿ 3,170 ಬಗೆಯ ಜೀನ್ ಸಿಕ್ಕವು. ಅವುಗಳಲ್ಲಿ ಹದಿನೇಳೂ ತಳಿಗಳಲ್ಲಿ ಇದ್ದದ್ದು 1,454 ಮಾತ್ರ. ಅರ್ಧಕ್ಕಿಂತ ಕಡಿಮೆ! ನೀವು ಮತ್ತು ನಿಮ್ಮ ಪಕ್ಕದ ಮನೆಯವರು ಹೆಚ್ಚುಕಮ್ಮಿ ಒಂದೇ ಜೀನ್‌ಗಳ ಪಟ್ಟಿ ಇಟ್ಟುಕೊಂಡಿರುತ್ತೀರಿ, ಕಾಗುಣಿತದಲ್ಲಿ ಅಲ್ಲಲ್ಲಿ ವ್ಯತ್ಯಾಸ. ಎರಡು ನ್ಯುಮೋಕಾಕಸ್ ನಡುವೆ ಹಾಗಲ್ಲ. ಒಂದರಲ್ಲಿ ಇರುವ ನೂರಾರು ಜೀನ್ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಒಂದೇ ಅಂಗನವಾಡಿಯ ಇಬ್ಬರು ಮಕ್ಕಳ ಮೂಗಿನಲ್ಲಿ ‘ಒಂದೇ’ ಕ್ರಿಮಿ ಇದೆ ಅಂದಾಗ ಈ ಮಾತು ಮರೆಯಬಾರದು.

ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಒಂದು ದಾರಿ ಎಲ್ಲರಿಗೂ ಗೊತ್ತಿರುವುದು. ಡಿಎನ್‌ಎ ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ. ಇದು ಬಹಳ ನಿಧಾನ. ಹೆಸರುವಾಸಿಯಾದ ಒಂದು ತಳಿಯಲ್ಲಿ ಲೆಕ್ಕ ಹಾಕಿದಾಗ ಇಡೀ ಪುಸ್ತಕಕ್ಕೆ ವರ್ಷಕ್ಕೆ ಮೂರ್ನಾಲ್ಕು ಅಕ್ಷರ ಬದಲಾಗುತ್ತವೆ ಅಂತ ತಿಳಿಯಿತು.

ಎರಡನೆಯ ದಾರಿಯೇ ನ್ಯುಮೋಕಾಕಸ್ಸಿನ ನಿಜವಾದ ಕಸುಬು. ಇದು ಬೇರೆಯವರ ಪುಸ್ತಕದ ಹಾಳೆ ಕಿತ್ತು ತನ್ನ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತದೆ.

ಇದು ಮೊದಲು ಬಯಲಾದದ್ದು 1928ರಲ್ಲಿ, ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಎಂಬ ವೈದ್ಯರ ಲ್ಯಾಬಿನಲ್ಲಿ. ಒಬ್ಬನೇ ರೋಗಿಯ ಕಫದಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ನ್ಯುಮೋಕಾಕಸ್ ಸಿಗುತ್ತಿದ್ದದ್ದು ಅವರ ತಲೆ ಕೊರೆಯುತ್ತಿತ್ತು. ಅವರು ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಕವಚ ಕಳೆದುಕೊಂಡ ಕ್ರಿಮಿ ಚುಚ್ಚಿದರೆ ಇಲಿ ಬದುಕಿತು. ಕವಚ ಇರುವ ಕ್ರಿಮಿಯನ್ನು ಬಿಸಿ ಮಾಡಿ ಕೊಂದು ಚುಚ್ಚಿದರೂ ಬದುಕಿತು. ಎರಡನ್ನೂ ಬೆರೆಸಿ ಚುಚ್ಚಿದರೆ ಸತ್ತಿತು. ಸತ್ತ ಇಲಿಯ ರಕ್ತದಲ್ಲಿ ಜೀವಂತ ಕ್ರಿಮಿಗಳು, ಮೈಮೇಲೆ ಕವಚ! ಬದುಕಿದ್ದ ಕ್ರಿಮಿ ಸತ್ತದ್ದರಿಂದ ಕವಚದ ವಿದ್ಯೆ ಕಲಿತಿತ್ತು. ಕಲಿಸಿದ ವಸ್ತು ಯಾವುದು ಅಂತ ಹುಡುಕುತ್ತಾ ಹೋದ ಏವರಿ, ಮ್ಯಾಕ್ಲಿಯೋಡ್, ಮೆಕಾರ್ಟಿ 1944ರಲ್ಲಿ ನ್ಯೂಯಾರ್ಕಿನಲ್ಲಿ ಅದು ಡಿಎನ್‌ಎ ಎಂದು ತೋರಿಸಿಕೊಟ್ಟರು. ವಂಶದ ಗುಣ ಕೂತಿರುವುದು ಡಿಎನ್‌ಎಯಲ್ಲಿ ಅಂತ ಮೊದಲು ಗಟ್ಟಿಯಾಗಿ ಗೊತ್ತಾಗಿದ್ದು ಮಕ್ಕಳ ಮೂಗಿನ ಈ ಕ್ರಿಮಿಯಿಂದ. ಈ ಪಾಠ ಮಾಡುವಾಗ ಪ್ರತಿ ವರ್ಷವೂ ನನ್ನ ಮೈ ಜುಮ್ಮೆನ್ನುತ್ತಿತ್ತು.

ಇಲಿಯೊಳಗೆ ನಡೆದದ್ದೇ ಮಗುವಿನ ಮೂಗಿನಲ್ಲೂ ನಡೆಯುತ್ತದೆ. ಕ್ರಿಮಿಗಳು ಒಂದು ಚಿಕ್ಕ ಪ್ರೋಟೀನ್ ತುಣುಕನ್ನು ಹೊರಗೆ ಬಿಡುತ್ತಿರುತ್ತವೆ. ಸುತ್ತಮುತ್ತ ಅದು ಸಾಕಷ್ಟು ಸೇರಿಕೊಂಡರೆ ‘ನಮ್ಮವರು ಬಹಳ ಮಂದಿ ಇದ್ದಾರೆ’ ಅನ್ನುವ ಸುಳಿವು. ಆಗ ಡಿಎನ್‌ಎ ಒಳಗೆಳೆದುಕೊಳ್ಳುವ ಯಂತ್ರ ಚಾಲೂ ಆಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಹೀಗೆ ಸಜ್ಜಾದ ಕ್ರಿಮಿಗಳು ಸಜ್ಜಾಗದ ಪಕ್ಕದವುಗಳನ್ನು ಒಡೆದುಹಾಕುವ ವಸ್ತುವನ್ನೂ ಬಿಡುತ್ತವೆ. ಪಕ್ಕದ್ದು ಒಡೆದಾಗ ಅದರ ಡಿಎನ್‌ಎ ಹೊರಗೆ ಚೆಲ್ಲುತ್ತದೆ. ಇದು ಒಂದು ಎಳೆಯನ್ನು ಒಳಗೆಳೆದುಕೊಂಡು, ತನ್ನ ಪುಸ್ತಕದಲ್ಲಿ ಅದಕ್ಕೆ ಹೋಲುವ ಜಾಗ ಹುಡುಕಿ, ಹಳೆಯ ಹಾಳೆ ತೆಗೆದು ಹೊಸದನ್ನು ಕೂರಿಸುತ್ತದೆ. ಒಂದೇ ಏಟಿಗೆ ಸಾವಿರಾರು ಅಕ್ಷರ ಬದಲು.

ಒಂದು ಮಗುವಿನ ಉದಾಹರಣೆ ಕೊಡುತ್ತೇನೆ. ಆ ಮಗುವಿಗೆ ಬಿಟ್ಟೂಬಿಡದ ಸೋಂಕಿತ್ತು, ಪೂರ್ತಿ ಚೆನ್ನಾಗಿದ್ದ ಮಗುವಲ್ಲ. ಏಳು ತಿಂಗಳ ಕಾಲ ಬಿಟ್ಟು ಬಿಟ್ಟು ತೆಗೆದಿಟ್ಟಿದ್ದ ನ್ಯುಮೋಕಾಕಸ್ ಮಾದರಿಗಳ ಡಿಎನ್‌ಎಯನ್ನು ಅಮೆರಿಕದ ಸಂಶೋಧಕರು ಓದಿ 2010ರಲ್ಲಿ ಪ್ರಕಟಿಸಿದರು. ಆ ಏಳು ತಿಂಗಳಲ್ಲಿ ಒಂದು ತಳಿಯ ಪುಸ್ತಕದಲ್ಲಿ ಶೇ. 7ಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬಂದು ಕೂತಿತ್ತು. ಮೇಲೆ ಹೇಳಿದ ವರ್ಷಕ್ಕೆ ಮೂರ್ನಾಲ್ಕು ಅಕ್ಷರದ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿ.

ಮರುವರ್ಷ, 2011ರಲ್ಲಿ, ಇನ್ನೂ ದೊಡ್ಡ ಲೆಕ್ಕ ಬಂತು. ಸ್ಪೇನಿನಲ್ಲಿ ಮೊದಲು ಗುರುತಿಸಿದ, 23ಎಫ್ ಕವಚದ, ಪೆನ್ಸಿಲಿನ್‌ಗೆ ಬಗ್ಗದ ಒಂದು ತಳಿ ಜಗತ್ತೆಲ್ಲ ಹರಡಿತ್ತು. 1984ರಿಂದ 2008ರವರೆಗೆ ಬೇರೆ ಬೇರೆ ದೇಶಗಳಲ್ಲಿ ತೆಗೆದಿಟ್ಟಿದ್ದ ಅದರ 240 ಮಾದರಿಗಳನ್ನು ಓದಿದರು. ಅವುಗಳ ನಡುವಿನ ಅಕ್ಷರ ವ್ಯತ್ಯಾಸಗಳಲ್ಲಿ ಸುಮಾರು ಶೇ. 88 ಬಂದದ್ದು ನಕಲಿನ ತಪ್ಪಿನಿಂದಲ್ಲ, ಹಾಳೆ ಅಂಟಿಸಿಕೊಂಡದ್ದರಿಂದ. ಅಂಥ ಅಂಟಿಸುವಿಕೆಗಳು 700ಕ್ಕೂ ಹೆಚ್ಚು ಸಿಕ್ಕವು. ಕೆಲವು ಕಡೆ ಕವಚದ ಹಾಳೆಯೇ ಬದಲಾಗಿ, 23ಎಫ್ ಆಗಿದ್ದದ್ದು 19ಎ ಆಗಿ ನಿಂತಿತ್ತು. ಒಳಗಿನ ಆಳು ಅದೇ, ಅಂಗಿ ಬೇರೆ.

ಹಾಳೆ ಕೊಡುವವರು ನ್ಯುಮೋಕಾಕಸ್ಸೇ ಆಗಬೇಕಿಲ್ಲ. ನಮ್ಮೆಲ್ಲರ ಬಾಯಲ್ಲೂ ಸ್ಟ್ರೆಪ್ಟೊಕಾಕಸ್ ಮೈಟಿಸ್ ಎಂಬ ಸಾಧು ಬಂಧು ಇದೆ. ಪೆನ್ಸಿಲಿನ್ ಕೆಲಸ ಮಾಡುವುದು ಹೇಗೆ ಅಂದರೆ, ಕ್ರಿಮಿಯ ಗೋಡೆ ಕಟ್ಟುವ ಗಾರೆ ಕೆಲಸದವನ ಕೈ ಹಿಡಿದುಕೊಂಡುಬಿಡುತ್ತದೆ. ಆ ಗಾರೆಯವನ ಜೀನ್‌ನಲ್ಲಿ ಮೈಟಿಸ್‌ನಂಥ ಬಂಧುಗಳ ತುಣುಕುಗಳನ್ನು ತೇಪೆ ಹಾಕಿಕೊಂಡು ನ್ಯುಮೋಕಾಕಸ್ ಔಷಧಿಯ ಹಿಡಿತಕ್ಕೆ ಸಿಗದ ಗಾರೆಯವನನ್ನು ಮಾಡಿಕೊಂಡಿತು. ಜೀನ್ ಓದಿದರೆ ಕೌದಿಯ ಹಾಗೆ ಕಾಣುತ್ತದೆ, ತುಂಡು ತುಂಡು ಬೇರೆ ಬೇರೆ ಬಟ್ಟೆ. ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಯೋಚನೆಗೆ ಹಚ್ಚುತ್ತದೆ. ಇಂಥ ಎರಡು ಗಾರೆಯವರ ಜೀನ್‌ಗಳು ಕೂತಿರುವುದು ಕವಚದ ಜೀನ್‌ಗಳ ಆಚೆಗೊಂದು, ಈಚೆಗೊಂದು. ಅದಕ್ಕೇ ಒಮ್ಮೊಮ್ಮೆ ಉದ್ದನೆಯ ಒಂದೇ ಹಾಳೆ ಬಂದು ಅಂಟಿಕೊಂಡರೆ ಹೊಸ ಕವಚ, ಔಷಧಿಗೆ ಬಗ್ಗದ ಗುಣ ಎರಡೂ ಒಟ್ಟಿಗೆ ಸಿಕ್ಕಿಬಿಡುತ್ತವೆ.

ಮೂರನೆಯ ದಾರಿಯನ್ನು ಹೀಮೊಫಿಲಸ್ ಇನ್‌ಫ್ಲುಯೆಂಜೆ ಇಟ್ಟುಕೊಂಡು ಹೇಳಿದರೆ ಚೆನ್ನ. ಫ್ಲೂ ತರುವುದು ಇದೇ ಅಂತ 1892ರಲ್ಲಿ ತಪ್ಪು ತಿಳಿದು ಇಟ್ಟ ಹೆಸರು, ಹಾಗೇ ಉಳಿಯಿತು. ಸ್ವತಂತ್ರವಾಗಿ ಬದುಕುವ ಜೀವಿಗಳಲ್ಲಿ ಪೂರ್ತಿ ಡಿಎನ್‌ಎ ಮೊದಲು ಓದಿದ್ದು ಇದರದ್ದೇ, 1995ರಲ್ಲಿ. 18 ಲಕ್ಷ ಚಿಲ್ಲರೆ ಅಕ್ಷರ. ಇದರ ಕೆಲವು ಜೀನ್‌ಗಳಲ್ಲಿ ಸ್ವಿಚ್ ಇದೆ.

ಡಿಎನ್‌ಎಯನ್ನು ಜೀವಕೋಶ ಓದುವುದು ಮೂರು ಮೂರು ಅಕ್ಷರವಾಗಿ. ಕನ್ನಡದಲ್ಲಿ ಹೀಗೆ ಬರೆಯೋಣ: ‘ಅವನು ಕಮಲ ತರಲಿ’. ಮೂರು ಮೂರಕ್ಕೆ ಒಡೆದರೆ ಅರ್ಥ ಬರುತ್ತದೆ. ಈಗ ‘ಅವನು’ ಆದ ಮೇಲೆ ಒಂದು ‘ಮ’ ಜಾಸ್ತಿ ಸೇರಿತು ಅನ್ನಿ. ಓದುವ ಯಂತ್ರ ಮೂರು ಮೂರೇ ಎಣಿಸುತ್ತದೆ, ಅದಕ್ಕೆ ಬೇರೆ ಗೊತ್ತಿಲ್ಲ. ‘ಅವನು ಮಕಮ ಲತರ ಲಿ’. ಮುಂದಿನದ್ದೆಲ್ಲ ಕೆಟ್ಟುಹೋಯಿತು. ಆ ಜೀನ್ ಬಂದ್. ಹೀಮೊಫಿಲಸ್‌ನ ಒಂದು ಜೀನ್‌ನ ಶುರುವಿನಲ್ಲೇ ‘ಸಿಎಎಟಿ ಸಿಎಎಟಿ ಸಿಎಎಟಿ’ ಅಂತ ನಾಲ್ಕು ಅಕ್ಷರದ ಜಪ ಸಾಲಾಗಿ ಇದೆ. ಜಪ ಮಾಡುವಾಗ ಎಷ್ಟು ಸಲ ಆಯಿತು ಅಂತ ನಮಗೆ ಎಣಿಕೆ ತಪ್ಪುವ ಹಾಗೆಯೇ ನಕಲು ಮಾಡುವ ಯಂತ್ರಕ್ಕೂ ಇಲ್ಲಿ ಎಣಿಕೆ ತಪ್ಪುತ್ತದೆ. ಒಂದು ‘ಸಿಎಎಟಿ’ ಹೆಚ್ಚಾದರೆ ನಾಲ್ಕು ಅಕ್ಷರ ಹೆಚ್ಚು, ಮೂರರ ಎಣಿಕೆಯಲ್ಲಿ ಒಂದು ಉಳಿಯುತ್ತದೆ, ಜೀನ್ ಬಂದ್. ಮತ್ತೆ ಎಣಿಕೆ ಸರಿಹೋದರೆ ಜೀನ್ ಚಾಲೂ.

ಈ ಜೀನ್ ಮಾಡುವ ಕೆಲಸ ಏನು? ಕ್ರಿಮಿಯ ಹೊರಮೈಗೆ ಕೊಲೀನ್ ಎಂಬ ಚಿಕ್ಕ ಅಣುವನ್ನು ಹಚ್ಚಿಸುವುದು. ಅದು ಇದ್ದರೆ ಮೂಗಿನಲ್ಲಿ ಅಂಟಿಕೊಂಡು ಬಾಳುವುದು ಸುಲಭ. ಆದರೆ ರಕ್ತಕ್ಕೆ ಇಳಿದರೆ ಅದೇ ಕೊಲೀನ್ ಮುಳುವು. ಕೋವಿಡ್ ಕಾಲದಲ್ಲಿ ಸಿಆರ್‌ಪಿ ಟೆಸ್ಟ್ ಅಂತ ಕೇಳಿದ್ದೀರಲ್ಲ, ಆ ಸಿಆರ್‌ಪಿ ಪ್ರೋಟೀನ್ ಕೊಲೀನನ್ನೇ ಹಿಡಿದು ಕ್ರಿಮಿಯನ್ನು ಕೊಲ್ಲಿಸುತ್ತದೆ. ಹಾಗಾಗಿ ಮೂಗಿನಲ್ಲಿ ಸ್ವಿಚ್ ಆನ್ ಇರುವವು ಗೆಲ್ಲುತ್ತವೆ, ರಕ್ತದಲ್ಲಿ ಆಫ್ ಇರುವವು. ಕ್ರಿಮಿ ಯೋಚಿಸಿ ಸ್ವಿಚ್ ಒತ್ತುವುದಿಲ್ಲ. ಎಣಿಕೆ ಸುಮ್ನೆ ತಪ್ಪುತ್ತಿರುತ್ತದೆ, ಎರಡೂ ಥರದವು ಗುಂಪಿನಲ್ಲಿ ಸದಾ ಇರುತ್ತವೆ. ಜಾಗ ಬದಲಾದಾಗ ಅಲ್ಲಿಗೆ ಒಗ್ಗುವವು ಉಳಿದುಕೊಳ್ಳುತ್ತವೆ. ಒಂದೇ ಮಗು, ಒಂದೇ ತಳಿ, ಆದರೂ ಒಳಗೆ ಒಂದೇ ಥರ ಇಲ್ಲ.

ಇಲ್ಲೇ ಕಿವಿಯ ಮಾತೂ ಹೇಳಬೇಕು. ಮೂಗಿನ ಹಿಂದಿನಿಂದ ಕಿವಿಗೆ ಒಂದು ಕೊಳವೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಮ್ಮಿ ಅಡ್ಡಡ್ಡ. ನೆಗಡಿಯಾದಾಗ ಕ್ರಿಮಿ ಸುಲಭವಾಗಿ ಕಿವಿಗೆ ಹತ್ತುತ್ತದೆ. ಒಂದೇ ಚುಚ್ಚಿಗೆ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹೀಮೊಫಿಲಸ್‌ನ ಬಿ ಬಗೆಯ ಕವಚಕ್ಕೆ ರಕ್ಷಣೆ ಇದೆ. ಮಿದುಳು ಜ್ವರ ತರುತ್ತಿದ್ದದ್ದು ಮುಖ್ಯವಾಗಿ ಅದು. ಆದರೆ ಮಕ್ಕಳ ಮೂಗಿನಲ್ಲಿ ಸಾಮಾನ್ಯವಾಗಿ ಸಿಗುವುದು ಕವಚವೇ ಇಲ್ಲದ ಹೀಮೊಫಿಲಸ್. ಕಿವಿಗೆ ಹತ್ತುವುದೂ ಅದೇ, ಅದಕ್ಕೆ ಈ ಲಸಿಕೆ ತಾಗುವುದಿಲ್ಲ. ಪದೇ ಪದೇ ಕಿವಿ ಸೋರುವ ಮಗುವಿಗೆ ಕೇಳಿಸುವುದು ಕಡಿಮೆಯಾಗಬಹುದು, ಮಾತು ತಡವಾಗಬಹುದು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಮೈಸೂರು ಮಂಡ್ಯದವರ ಪುಣ್ಯ. ಅನುಮಾನ ಬಂದರೆ ತಡಮಾಡದೆ ತೋರಿಸಿ.

ಈಗ ಆ ತಾಯಿ ಕಾರ್ಡ್ ವಿಷಯಕ್ಕೆ ಬರೋಣ. ನ್ಯುಮೋಕಾಕಸ್ ಲಸಿಕೆ, ಅಂದರೆ ಪಿಸಿವಿ, ನಮ್ಮ ದೇಶದ ಸರ್ಕಾರಿ ಲಸಿಕೆ ಪಟ್ಟಿಗೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಬಂತು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಮೂರು ಡೋಸ್. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರಲ್ಲಿ ತಂದ ನ್ಯುಮೋಸಿಲ್‌ನಲ್ಲಿ ಹತ್ತು ಬಗೆಯ ಕವಚದ ಸಕ್ಕರೆ ಇದೆ. ಒಳಕ್ಕೆ ನುಗ್ಗುವ 1 ಮತ್ತು 5, ಮೂಗಿನಲ್ಲಿ ಧಾರಾಳವಾಗಿರುವ 6ಬಿ, 19ಎಫ್, 23ಎಫ್ ಎಲ್ಲ ಅದರಲ್ಲಿ ಸೇರಿವೆ. ಬರಿ ಸಕ್ಕರೆ ಕೊಟ್ಟರೆ ಎರಡು ವರ್ಷದೊಳಗಿನ ಮಗುವಿನ ದೇಹ ಅದನ್ನು ಸರಿಯಾಗಿ ಗುರುತಿಡುವುದಿಲ್ಲ. ಅದಕ್ಕೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿ ಕೊಡುತ್ತಾರೆ.

ನೂರು ಬಗೆಯಲ್ಲಿ ಹತ್ತನ್ನು ಮಾತ್ರ ತಡೆದರೆ ಉಳಿದ ತೊಂಬತ್ತು ಸುಮ್ಮನಿರುತ್ತವಾ? ಅಮೆರಿಕದಲ್ಲಿ 2000ದಲ್ಲಿ ಏಳು ಬಗೆಯ ಲಸಿಕೆ ಶುರುವಾಯಿತು. ಆ ಏಳರಿಂದ ಬರುವ ಗಂಭೀರ ಕಾಯಿಲೆ ಮಕ್ಕಳಲ್ಲಿ ಧಡಕ್ಕನೆ ಇಳಿಯಿತು. ಲಸಿಕೆಯನ್ನೇ ಹಾಕಿಸಿಕೊಳ್ಳದ ಅಜ್ಜ ಅಜ್ಜಿಯರಲ್ಲೂ ಇಳಿಯಿತು, ಮೊಮ್ಮಕ್ಕಳ ಮೂಗಿನಿಂದ ದಾಟುವುದು ನಿಂತಿತಲ್ಲ, ಅದಕ್ಕೆ. ಆದರೆ ಮೂಗು ಖಾಲಿಯಾಗಲಿಲ್ಲ. ಲಸಿಕೆಯಲ್ಲಿಲ್ಲದ ಬಗೆಗಳು ಬಂದು ಕೂತವು, ಅದರಲ್ಲೂ 19ಎ. 2010ರಲ್ಲಿ ಅದನ್ನೂ ಸೇರಿಸಿ ಹದಿಮೂರು ಬಗೆಯ ಲಸಿಕೆ ತಂದರು. ಬಂದು ಕೂತವುಗಳಲ್ಲಿ ಹೆಚ್ಚಿನವು ಕಾಯಿಲೆ ತರುವುದರಲ್ಲಿ ಅಷ್ಟು ಜೋರಿನವಲ್ಲ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಮಕ್ಕಳಿಗೆ ದೊಡ್ಡ ಲಾಭವೇ ಆಯಿತು. ಈ ಅದಲುಬದಲು ತೋರಿಸಿ ಲಸಿಕೆ ದಂಡ ಅನ್ನುವವರಿದ್ದಾರೆ. ಅದು ಶುದ್ಧ ತಪ್ಪು.

ಮ್ಯಾಸಚೂಸೆಟ್ಸ್‌ನಲ್ಲಿ 2001ರಿಂದ 2007ರವರೆಗೆ, ಯಾವ ಕಾಯಿಲೆಯೂ ಇಲ್ಲದ ಮಕ್ಕಳ ಮೂಗಿನಿಂದ ತೆಗೆದ 616 ನ್ಯುಮೋಕಾಕಸ್ ಮಾದರಿಗಳ ಪೂರ್ತಿ ಡಿಎನ್‌ಎ ಓದಿದರು. ಕವಚದ ಬಗೆಗಳು ಬದಲಾಗಿದ್ದವು. ಆದರೆ ಒಟ್ಟು ಜೀನ್‌ಗಳ ಸರಂಜಾಮು ಹೆಚ್ಚುಕಮ್ಮಿ ಹಳೆಯದೇ. 2017ರಲ್ಲಿ ಇದಕ್ಕೆ ಒಂದು ವಿವರಣೆ ಬಂತು. ಗುಂಪಿನಲ್ಲಿ ಯಾವ ಜೀನ್ ಅಪರೂಪವೋ ಅದಕ್ಕೆ ಲಾಭ ಜಾಸ್ತಿ, ತೀರಾ ಸಾಮಾನ್ಯವಾದರೆ ಲಾಭ ಕಡಿಮೆ. ನಮ್ಮ ಕಡೆ ಊರಿಗೆ ಊರೇ ಟೊಮೆಟೊ ಹಾಕಿದ ವರ್ಷ ಬೆಲೆ ನೆಲ ಕಚ್ಚುತ್ತದೆ, ಬದನೆ ಹಾಕಿದವನು ಗೆಲ್ಲುತ್ತಾನೆ. ಮರುವರ್ಷ ಎಲ್ಲರೂ ಬದನೆ. ಹಾಗೆಯೇ ಎಲ್ಲ ಮಕ್ಕಳ ದೇಹವೂ ಗುರುತು ಹಿಡಿದಿರುವ ಗುಣಕ್ಕೆ ಬೆಲೆ ಇಲ್ಲ, ಯಾರೂ ನೋಡದ ಗುಣಕ್ಕೆ ಬೆಲೆ. ಲಸಿಕೆ ಒಂದು ತಳಿಯನ್ನು ತೆಗೆದಾಗ ಅದರ ಜೊತೆ ಹೋದ ಜೀನ್‌ಗಳು ಗುಂಪಿನಲ್ಲಿ ಅಪರೂಪವಾಗುತ್ತವೆ. ಅವೇ ಜೀನ್ ಇಟ್ಟುಕೊಂಡ ಬೇರೆ ಕವಚದ ತಳಿ ಮೇಲೇಳುತ್ತದೆ. ಇದನ್ನು ಲೆಕ್ಕ ಹಾಕಿದರೆ ಮುಂದೆ ಯಾವ ತಳಿ ಏಳಬಹುದು ಅಂತ ಒಂದು ಅಂದಾಜು ಸಿಗುತ್ತದೆ. ಅದಕ್ಕೆ ಬೇಕಾಗಿರುವುದು ಕಾಯಿಲೆಯವರ ರಕ್ತ ಅಷ್ಟೇ ಅಲ್ಲ, ಆಟ ಆಡುವ ಮಕ್ಕಳ ಮೂಗಿನ ಕಡ್ಡಿಗಳು.

ಲಸಿಕೆ ಒಂದು ಥರದ ಕಳೆ ಕೀಳುವಿಕೆ. ಯಾವುದನ್ನು ಕೀಳಬೇಕು ಅಂತ ನೋಡಿ ಕೀಳುವುದು. ಆಂಟಿಬಯಾಟಿಕ್ ಇನ್ನೊಂದು ಥರ. ಸುಮ್ನೆ ಕೊಟ್ಟರೆ ಬಗ್ಗುವವೆಲ್ಲ ಸತ್ತು ಬಗ್ಗದವು ಮಾತ್ರ ಉಳಿಯುತ್ತವೆ, ಖಾಲಿಯಾದ ಜಾಗವೆಲ್ಲ ಅವುಗಳಿಗೆ. ಕೆಲವು ಆಂಟಿಬಯಾಟಿಕ್‌ಗಳು ನ್ಯುಮೋಕಾಕಸ್ಸಿನ ಹಾಳೆ ಎಳೆದುಕೊಳ್ಳುವ ಯಂತ್ರವನ್ನೇ ಚಾಲೂ ಮಾಡುತ್ತವೆ ಅನ್ನುವುದೂ 2006ರಲ್ಲಿ ಗೊತ್ತಾಗಿದೆ. ನನ್ನ ಮಗಳು ಚಿಕ್ಕವಳಿದ್ದಾಗ, ಇದೆಲ್ಲ ಪಾಠ ಮಾಡುತ್ತಿದ್ದ ನಾನೇ, ಒಂದು ರಾತ್ರಿ ಅವಳ ನೆಗಡಿಗೆ ಹಿಂದಿನ ಸಲ ಉಳಿದಿದ್ದ ಸಿರಪ್ ಕುಡಿಸಿದ್ದೆ. ಮಗು ನಿದ್ದೆ ಮಾಡಲಿ ಅನ್ನುವ ಸಂಕಟ. ನೆಗಡಿ ತರುವುದು ವೈರಸ್, ಆ ಸಿರಪ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ. ಈಗ ನೆನೆದರೂ ಬೇಸರವಾಗುತ್ತದೆ.

ಆ ಗುರುವಾರ ಸಂಜೆ ಅವಳು ಮತ್ತೆ ಬಂದಳು. ಕೂಸಿನ ತೊಡೆಯಲ್ಲಿ ಚುಚ್ಚಿದ ಗುರುತು. “ಮೂರ್ನೇದೂ ಆಯ್ತು ಕಣಕ್ಕಾ” ಅಂದಳು. ಕಪಾಟಿನಲ್ಲಿ ಅರ್ಧ ಬಾಟಲಿ ಸಿರಪ್ ಇದೆ, ದೊಡ್ಡವನ ಸಿಂಬಳಕ್ಕೆ ಕೊಡಲೇ ಅಂತ ಕೇಳಿದಳು. ಬೇಡ ಅಂದೆ. ಅವನ ಅಂಗಿ ಎತ್ತಿ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಉಸಿರು ಎಣಿಸುವುದು ತೋರಿಸಿಕೊಟ್ಟೆ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಮುಟ್ಟಿದರೆ, ಎರಡು ತಿಂಗಳು ದಾಟಿದ, ಒಂದು ವರ್ಷದೊಳಗಿನ ಕೂಸಿಗೆ 50 ಮುಟ್ಟಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು.

ಅವನು ಅಲ್ಲಾಡುತ್ತಲೇ ಇದ್ದ, ಎರಡು ಸಲ ಎಣಿಕೆ ತಪ್ಪಿತು. ಮೂರನೇ ಸಲ ಅವಳೇ ಎಣಿಸಿದಳು. ಇಪ್ಪತ್ತಾರು. ಅಷ್ಟರಲ್ಲಿ ಅವನು ಬಗ್ಗಿ ತಂಗಿಯ ಮುಖದ ಮೇಲೇ ಸೀನಿದ.

“ಅಯ್ಯೋ, ಇವಳಿಗೂ ದಾಟ್ತಲ್ಲಕ್ಕಾ!”

“ದಾಟಿರ್ತದೆ ಬಿಡು. ಅವಳು ಇವತ್ತು ಚುಚ್ಚುಸ್ಕಂಡು ಬಂದವ್ಳೆ.”